ಕೂಸು ನೋಡಿ ಕುಲಾವಿ ಹೊಲಿ

ನಿನ್ನ ಕೈ ಚುರುಕು ಮಗೂ, ಅದರಲ್ಲಿ ಎರಡು ಮಾತಿಲ್ಲ. ಕೆಲಸ ಹೇಳಿ ಮುಗಿಸುವಷ್ಟರಲ್ಲಿ ಅರ್ಧ ಬರೆದಿರುತ್ತೀಯ. ಉಳಿದರ್ಧ ಯಾಕೆ ಓಡುತ್ತಿಲ್ಲ ಅಂತ ರಾತ್ರಿಯೆಲ್ಲ ತಲೆ ಕೆರೆದುಕೊಳ್ಳುತ್ತೀಯ. ಒಂದು ಎಕ್ಸ್‌ಎಮ್‌ಎಲ್ ಫೈಲು ಕೊಟ್ಟು ‘ಇದನ್ನು ವೆಬ್ ಪುಟ ಮಾಡು’ ಅಂದರೆ ಸಾಕು, ಫೈಲನ್ನು ನೆಟ್ಟಗೆ ತೆರೆದೂ ನೋಡದೆ ಅದನ್ನು ಪುಟವಾಗಿಸುವ ಎಕ್ಸ್‌ಎಸ್‌ಎಲ್‌ಟಿ ಸ್ಟೈಲ್‌ಶೀಟು ಬರೆಯಲು ಕೂತುಬಿಡುತ್ತೀಯ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವ ಬುದ್ಧಿ ಅಂದರೆ ಇದೇ. ಈ ಕೆಲಸದಲ್ಲೇ ನನ್ನ ತಲೆ ನರೆತಿದೆ. ನಿನ್ನ ಮೇಲೆ ಭರವಸೆ ಇರುವುದರಿಂದಲೇ ನಾಲ್ಕು ಮಾತು ಹೇಳುತ್ತೇನೆ. ಸ್ವಲ್ಪ ಕೂತು ಕೇಳು.

‘ಇದೆಲ್ಲ ಹಳೇ ಕಾಲದ್ದು, ಈಗ ಯಾರಿಗೆ ಬೇಕು’ ಅಂತ ನಿನ್ನ ಮುಖವೇ ಹೇಳುತ್ತಿದೆ. ವಯಸ್ಸಾಗಿದೆ ನಿಜ. ಎಕ್ಸ್‌ಎಮ್‌ಎಲ್ 1.0 ಬಂದದ್ದು 1998ರ ಫೆಬ್ರವರಿಯಲ್ಲಿ. ಜೇಮ್ಸ್ ಕ್ಲಾರ್ಕ್ ಸಂಪಾದಿಸಿದ ಎಕ್ಸ್‌ಎಸ್‌ಎಲ್‌ಟಿ 1.0 ಹೊರಬಂದದ್ದು 1999ರ ನವೆಂಬರ್ 16ರಂದು. ಡೇಟಾದೊಳಗೆ ದಾರಿ ತೋರಿಸುವ ಅದರ ಜೊತೆಗಾರ ಎಕ್ಸ್‌ಪಾತ್ ಬಂದದ್ದೂ ಅವತ್ತೇ. ಆಮೇಲೆ ಮೈಕೆಲ್ ಕೇ ಸಂಪಾದಕತ್ವದಲ್ಲಿ 2007ರಲ್ಲಿ 2.0, 2017ರಲ್ಲಿ 3.0 ಬಂದವು. ಆದರೆ ಹಳೆಯದಾಯಿತು ಅಂದಮಾತ್ರಕ್ಕೆ ಸತ್ತಿದೆ ಅಂತಲ್ಲ. ನೀನು ದಿನಾ ಬರೆಯುವ ವರ್ಡ್ ಫೈಲಿನ ಹೆಸರಿನ ಕೊನೆಯಲ್ಲಿರುವ ಡಾಕ್ಸ್ ಅನ್ನು ಜಿಪ್ ಅಂತ ಬದಲಿಸಿ ಬಿಚ್ಚು, ಒಳಗೆ ಕೂತಿರುವುದು ಬಹುಪಾಲು ಎಕ್ಸ್‌ಎಮ್‌ಎಲ್. ನಮ್ಮ ಬೆಂಗಳೂರಿನಲ್ಲೇ ಬೆಳೆದ ಟ್ಯಾಲಿ ತನ್ನ ಲೆಕ್ಕವನ್ನು ಹೊರಗೆ ಕೊಡುವುದೂ ಒಳಗೆ ತೆಗೆದುಕೊಳ್ಳುವುದೂ ಎಕ್ಸ್‌ಎಮ್‌ಎಲ್‌ನಲ್ಲಿ. ವಿದೇಶಿ ವಿಜ್ಞಾನ ಪತ್ರಿಕೆಗಳ ಲೇಖನಗಳನ್ನು ಜಾಟ್ಸ್ ಅನ್ನುವ ಎಕ್ಸ್‌ಎಮ್‌ಎಲ್ ರೂಪಕ್ಕೆ ಕೂರಿಸುವ ಕೆಲಸದಿಂದ ಬೆಂಗಳೂರು, ಚೆನ್ನೈ, ಪುದುಚೇರಿಗಳಲ್ಲಿ ಎಷ್ಟೋ ಮನೆಗಳ ಒಲೆ ಉರಿಯುತ್ತಿದೆ. ಅವನ್ನೆಲ್ಲ ಓದುವ ಪುಟವಾಗಿಸಲು ಯಾರಾದರೂ ಬೇಕಲ್ಲ? ಆ ಯಾರಾದರೂ ನೀನೇ ಯಾಕಾಗಬಾರದು?

ಮೊದಲ ಮಾತು ಕಿವಿಗೆ ಹಾಕಿಕೋ. ಸ್ಟೈಲ್‌ಶೀಟು ಮುಟ್ಟುವ ಮುಂಚೆ ಡೇಟಾ ಓದು. ಮೇಲಿನ ಹತ್ತು ಸಾಲು ನೋಡಿ ‘ಗೊತ್ತಾಯ್ತು’ ಅನ್ನಬೇಡ. ನಡುವೆ ಇಳಿದು ನೋಡು, ತುದಿಗೂ ಹೋಗಿ ನೋಡು. ಇಗೋ, ಒಂದು ಸಣ್ಣ ಪುಸ್ತಕ ಪಟ್ಟಿಯ ತುಣುಕು:

<ಪುಸ್ತಕ>
  <ಶೀರ್ಷಿಕೆ>ಚೋಮನ ದುಡಿ</ಶೀರ್ಷಿಕೆ>
  <ಲೇಖಕ>ಶಿವರಾಮ ಕಾರಂತ</ಲೇಖಕ>
  <ವರ್ಷ>1933</ವರ್ಷ>
  <ಬೆಲೆ></ಬೆಲೆ>
</ಪುಸ್ತಕ>

ಟ್ಯಾಗು ಕನ್ನಡದಲ್ಲಿದೆ ಅಂತ ಕಣ್ಣರಳಿಸಬೇಡ. ಎಕ್ಸ್‌ಎಮ್‌ಎಲ್ ಹುಟ್ಟಿದಾಗಿನಿಂದ ಯುನಿಕೋಡ್ ಅಕ್ಷರಗಳನ್ನು ಹೆಸರಿನಲ್ಲೇ ಒಪ್ಪಿಕೊಂಡಿದೆ, ಕನ್ನಡಕ್ಕೂ ಅಲ್ಲಿ ಜಾಗವಿದೆ. ನೋಡಬೇಕಾದದ್ದು ಬೆಲೆಯನ್ನು. ಟ್ಯಾಗು ಇದೆ, ಒಳಗೆ ಏನೂ ಇಲ್ಲ. ಇನ್ನೊಂದು ಪುಸ್ತಕದಲ್ಲಿ ಬೆಲೆಯ ಟ್ಯಾಗೇ ಇರಲಿಕ್ಕಿಲ್ಲ. ಮತ್ತೊಂದರಲ್ಲಿ ಇಬ್ಬರು ಲೇಖಕರು. ಯಾವುದು ಯಾವಾಗಲೂ ಇರುತ್ತದೆ, ಯಾವುದು ಕೆಲವೊಮ್ಮೆ ಇರುತ್ತದೆ, ಯಾವುದು ಒಂದಕ್ಕಿಂತ ಹೆಚ್ಚು ಸಲ ಬರುತ್ತದೆ? ಈ ಮೂರು ಪ್ರಶ್ನೆಗೆ ಉತ್ತರ ಸಿಗುವ ತನಕ ಕೀಬೋರ್ಡಿನಿಂದ ಕೈ ತೆಗೆದು ಕೂತುಕೋ. ಸ್ಕೀಮಾ ಕೊಟ್ಟಿದ್ದಾರೆ ಅಂದರೆ ಓದು, ಒಳ್ಳೆಯದು. ಆದರೆ ಸ್ಕೀಮಾ ಹೇಳುವುದು ಏನೇನು ಬರಬಹುದು ಅಂತ ಮಾತ್ರ. ಏನು ಬಂದಿದೆ ಅಂತ ಹೇಳುವುದು ಫೈಲು.

ಎರಡನೆಯದು ನಿನ್ನ ಸ್ವಭಾವಕ್ಕೆ ಸಂಬಂಧಿಸಿದ್ದು. ನಿನಗೆ ಯಜಮಾನಿಕೆ ಜಾಸ್ತಿ. ಬೇರೆ ಭಾಷೆಗಳಲ್ಲಿ ‘ಮೊದಲು ಇದು ಮಾಡು, ಆಮೇಲೆ ಅದು ಮಾಡು’ ಅಂತ ಅಪ್ಪಣೆ ಕೊಟ್ಟು ರೂಢಿ. ಇಲ್ಲಿಗೆ ಬಂದರೂ ಅದೇ ಚಾಳಿ: ಬೇರಿಗೆ ಒಂದೇ ಟೆಂಪ್ಲೇಟು, ಅದರೊಳಗೆ ಒಂದು ಫಾರ್-ಈಚ್, ಅದರೊಳಗೆ ಮತ್ತೊಂದು ಫಾರ್-ಈಚ್, ಒಳಗೊಳಗೆ ಇಫ್ಪು, ಚೂಸು. ಮುನ್ನೂರು ಸಾಲಿನ ಒಂದೇ ಉಂಡೆ. ಎಕ್ಸ್‌ಎಸ್‌ಎಲ್‌ಟಿಗೆ ಬೇಕಾದದ್ದು ಅಪ್ಪಣೆಯಲ್ಲ, ನಿಯಮ. ‘ಶೀರ್ಷಿಕೆ ಎದುರಾದರೆ ಹೀಗೆ ಬರೆ. ಲೇಖಕ ಎದುರಾದರೆ ಹಾಗೆ ಬರೆ.’ ಒಂದೊಂದಕ್ಕೂ ಒಂದೊಂದು ಪುಟ್ಟ ಟೆಂಪ್ಲೇಟು ಬರೆದು, ಅಪ್ಲೈ-ಟೆಂಪ್ಲೇಟ್ಸ್ ಅಂತ ಹೇಳಿ ಸುಮ್ಮನಿದ್ದುಬಿಡು. ಟ್ಯಾಗುಗಳ ಮರದಲ್ಲಿ ಮುಂದೆ ಏನು ಬರುತ್ತದೋ ಅದಕ್ಕೆ ತಕ್ಕ ನಿಯಮವನ್ನು ಪ್ರೊಸೆಸರೇ ಹುಡುಕಿಕೊಳ್ಳುತ್ತದೆ.

ಸುಮ್ಮನಿರುವುದು ನಿನಗೆ ಕಷ್ಟ, ಗೊತ್ತು. ಆದರೆ ಇದರ ಬೆಲೆ ಎಲ್ಲಿ ತಿಳಿಯುತ್ತದೆ ನೋಡು. ಪುಸ್ತಕದ ಪರಿಚಯದ ಪ್ಯಾರಾ ಇದೆ ಅಂದುಕೋ. ವಾಕ್ಯದ ನಡುವೆ ಒಂದು ಕೃತಿಯ ಹೆಸರು ಬರುತ್ತದೆ, ಅದಕ್ಕೆ ಕೃತಿ ಅನ್ನುವ ಟ್ಯಾಗು ಹಾಕಿದ್ದಾರೆ, ಪುಟದಲ್ಲಿ ಅದು ಓರೆ ಅಕ್ಷರದಲ್ಲಿ ಬರಬೇಕು. ನೀನು ವ್ಯಾಲ್ಯೂ-ಆಫ್ ಬರೆದು ಪ್ಯಾರಾವನ್ನು ಎತ್ತಿ ಸುರಿದರೆ ಒಳಗಿನ ಟ್ಯಾಗುಗಳೆಲ್ಲ ಸತ್ತು ಬರೀ ಅಕ್ಷರ ಉಳಿಯುತ್ತದೆ. ಓರೆಯೂ ಇಲ್ಲ, ಕೊಂಡಿಯೂ ಇಲ್ಲ, ಅಡಿಟಿಪ್ಪಣಿಯೂ ಇಲ್ಲ. ಲೂಪು ಹಾಕುತ್ತೇನೆ ಅಂದರೆ ಯಾವ ಪದದ ನಂತರ ಯಾವ ಟ್ಯಾಗು ಬರುತ್ತದೆ ಅಂತ ಮೊದಲೇ ಹೇಳಲು ನೀನೇನು ಜ್ಯೋತಿಷಿಯೇ? ಕೃತಿಗೆ ಒಂದು ನಿಯಮ ಬರೆದಿಟ್ಟರೆ ಅದು ಶೀರ್ಷಿಕೆಯಲ್ಲಿ ಬಂದರೂ, ಪ್ಯಾರಾದಲ್ಲಿ ಬಂದರೂ, ಅಡಿಟಿಪ್ಪಣಿಯಲ್ಲಿ ಬಂದರೂ ತನ್ನ ಕೆಲಸ ತಾನು ಮಾಡುತ್ತದೆ. ಫಾರ್-ಈಚ್ ಬಿಟ್ಟೇಬಿಡು ಅನ್ನುತ್ತಿಲ್ಲ. ಒಂದೇ ಥರದ ಸಾಲುಗಳಿರುವ ಪಟ್ಟಿಗೆ ಅದು ಚೆನ್ನಾಗಿಯೇ ಒಗ್ಗುತ್ತದೆ. ಎಲ್ಲದಕ್ಕೂ ಅದನ್ನೇ ಹಿಡಿಯಬೇಡ, ಅಷ್ಟೇ.

ಇನ್ನು ನೀನು ಗಾಬರಿ ಬೀಳುವ ಒಂದು ಸಂಗತಿ. ಸ್ಟೈಲ್‌ಶೀಟು ಓಡಿಸುತ್ತೀಯ, ಪುಟದ ತುಂಬ ಡೇಟಾದ ಅಕ್ಷರವೆಲ್ಲ ಒಂದಕ್ಕೊಂದು ಅಂಟಿಕೊಂಡು ಸುರಿದಿರುತ್ತದೆ. ‘ಪ್ರೊಸೆಸರ್ ಕೆಟ್ಟಿದೆ’ ಅಂತ ಕೂಗಾಡುತ್ತೀಯ. ಅದು ಕೆಟ್ಟಿಲ್ಲ ಮಗೂ. ನೀನು ನಿಯಮ ಬರೆಯದ ಕಡೆಯೂ ಅದರ ಬಳಿ ಹುಟ್ಟುಗುಣದ ನಿಯಮವಿದೆ: ಟ್ಯಾಗು ಕಂಡರೆ ಒಳಗಿನ ಮಕ್ಕಳ ಕಡೆಗೆ ಹೋಗು, ಅಕ್ಷರ ಕಂಡರೆ ಹಾಗೇ ಬರೆ. ಡೇಟಾ ಕಳೆದುಹೋಗದಿರಲಿ ಅಂತ ಮಾಡಿದ ಏರ್ಪಾಡು ಅದು. ಅಕ್ಷರ ಸುರಿದಿದೆ ಅಂದರೆ ಅದಕ್ಕೆ ಹೊಂದುವ ನಿಯಮ ನೀನು ಬರೆದಿಲ್ಲ ಅಂತ ಅರ್ಥ. ಕೂಗಾಡದೆ ಯಾವ ಟ್ಯಾಗಿನ ಅಕ್ಷರ ಅಂತ ನೋಡು. ಬೇಡದ ಟ್ಯಾಗಾದರೆ ಅದಕ್ಕೊಂದು ಖಾಲಿ ಟೆಂಪ್ಲೇಟು ಬರೆ, ಸದ್ದಿಲ್ಲದೆ ಹೋಗುತ್ತದೆ.

‘ನಿಯಮ ಬರೆದಿದ್ದೇನೆ, ಹೆಸರೂ ಸರಿಯಿದೆ, ಆದರೂ ಹೊಂದುತ್ತಿಲ್ಲ’ ಅನ್ನುತ್ತೀಯಾ? ಹಾಗಾದರೆ ಬೇರು ಟ್ಯಾಗನ್ನು ನೋಡು. ಅಲ್ಲಿ ಎಕ್ಸ್‌ಎಮ್‌ಎಲ್‌ಎನ್‌ಎಸ್ ಅಂತ ಒಂದು ವಿಳಾಸ ಕೂತಿರುತ್ತದೆ. ಅದೇ ನೇಮ್‌ಸ್ಪೇಸ್. ಅದಿದ್ದರೆ ಒಳಗಿರುವ, ಪ್ರಿಫಿಕ್ಸ್ ಇಲ್ಲದ ಪ್ರತಿ ಟ್ಯಾಗಿನ ಪೂರ್ಣ ಹೆಸರಿಗೂ ಆ ವಿಳಾಸ ಸೇರಿಕೊಳ್ಳುತ್ತದೆ. ನೀನು ಬರಿದೇ ‘ಪುಸ್ತಕ’ ಅಂತ ಕರೆದರೆ ಎಕ್ಸ್‌ಪಾತ್ 1.0 ಹುಡುಕುವುದು ಯಾವ ವಿಳಾಸವೂ ಇಲ್ಲದ ಪುಸ್ತಕವನ್ನು. ಅಂಥದ್ದು ಆ ಫೈಲಿನಲ್ಲಿ ಇಲ್ಲವೇ ಇಲ್ಲ. ಸ್ಟೈಲ್‌ಶೀಟಿನಲ್ಲೂ ಅದೇ ವಿಳಾಸಕ್ಕೆ ಒಂದು ಪ್ರಿಫಿಕ್ಸ್ ಕಟ್ಟಿಕೊಂಡು, ಹೆಸರಿನ ಮುಂದೆ ಅದನ್ನು ಹಾಕಿ ಕರೆ. 2.0ರಿಂದ ಈಚೆಗೆ ಡೀಫಾಲ್ಟ್ ವಿಳಾಸ ಹೇಳಿಬಿಡುವ ಸೌಕರ್ಯವೂ ಇದೆ. ಈ ಒಂದು ಗಂಟಿನಲ್ಲಿ ಸಿಕ್ಕಿಕೊಂಡು ಎಕ್ಸ್‌ಎಸ್‌ಎಲ್‌ಟಿಯನ್ನೇ ಬೈದು ಬಿಟ್ಟುಹೋದ ಜಾಣರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಬೇರು ಟ್ಯಾಗಿನ ಆ ಒಂದು ಸಾಲನ್ನು ಓದಿದ್ದರೆ ಅವರು ಉಳಿದುಕೊಳ್ಳುತ್ತಿದ್ದರು.

ಲೆಕ್ಕದ ವಿಷಯಕ್ಕೆ ಬಾ. ಒಂದು ವೇರಿಯಬಲ್ ಇಟ್ಟು ಸಾಲು ಸಾಲಿಗೂ ಒಂದೊಂದು ಕೂಡಿಸಿ ಎಣಿಸಬೇಕು ಅಂತ ನಿನ್ನ ಕೈ ತುರಿಸುತ್ತದೆ. ಇಲ್ಲಿ ಅದು ನಡೆಯುವುದಿಲ್ಲ. ಒಮ್ಮೆ ಬೆಲೆ ಕೊಟ್ಟ ವೇರಿಯಬಲ್ ಮತ್ತೆ ಬದಲಾಗದು. ಜಗಳಕ್ಕೆ ನಿಲ್ಲಬೇಡ. ಎಷ್ಟನೆಯದು ಅಂತ ತಿಳಿಯಲು ಪೊಸಿಷನ್ ಇದೆ, ಎಷ್ಟಿವೆ ಅಂತ ತಿಳಿಯಲು ಕೌಂಟ್ ಇದೆ, ಮೊತ್ತಕ್ಕೆ ಸಮ್ ಇದೆ. ಅಷ್ಟಕ್ಕೂ ಆಗದಿದ್ದರೆ ಟೆಂಪ್ಲೇಟು ತನ್ನನ್ನೇ ಕರೆದುಕೊಳ್ಳಲಿ. ಆದರೆ ಸಮ್ ಬಳಸುವಾಗ ಆಗಲೇ ತೋರಿಸಿದ ಆ ಖಾಲಿ ಬೆಲೆಯನ್ನು ನೆನಪಿಡು. ನೂರು ಪುಸ್ತಕಗಳಲ್ಲಿ ಒಂದರ ಬೆಲೆ ಖಾಲಿಯಿದ್ದರೂ ಸಾಕು, 1.0ರಲ್ಲಿ ಒಟ್ಟು ಮೊತ್ತದ ಜಾಗದಲ್ಲಿ ‘ಇದು ಸಂಖ್ಯೆಯಲ್ಲ’ ಅನ್ನುವ ಎನ್‌ಎಎನ್ ಬಂದು ಕೂರುತ್ತದೆ. ನಿಜವಾಗಿ ಸಂಖ್ಯೆ ಇರುವ ಬೆಲೆಗಳನ್ನಷ್ಟೇ ಆರಿಸಿ ಕೂಡಿಸು. ಡೇಟಾ ಮೊದಲು ಓದು ಅಂದದ್ದು ಸುಮ್ಮನೆ ಬಾಯಿಮಾತಿಗಲ್ಲ.

ಎಕ್ಸ್‌ಪಾತ್‌ನ ಎರಡು ಓರೆ ಗೆರೆಯ (//) ದಾರಿಯನ್ನು ಕಂಡಕಂಡಲ್ಲಿ ಬಳಸುವುದನ್ನೂ ಕಡಿಮೆ ಮಾಡು. ಅದರ ಅರ್ಥ, ಇಡೀ ಮರವನ್ನು ಮೇಲಿಂದ ಕೆಳಗೆ ಜಾಲಾಡು ಅಂತ. ಹತ್ತು ಪುಸ್ತಕಕ್ಕೆ ಏನೂ ಅನ್ನಿಸದು. ಹತ್ತು ಸಾವಿರ ಪುಸ್ತಕದ ಪಟ್ಟಿಯಲ್ಲಿ ಪ್ರತಿ ಪುಸ್ತಕಕ್ಕೂ ಮರವನ್ನೆಲ್ಲ ಜಾಲಾಡಿಸಿದರೆ ಯಂತ್ರವೂ ಏದುಸಿರು ಬಿಡುತ್ತದೆ. ದಾರಿ ಗೊತ್ತಿದ್ದರೆ ದಾರಿ ಹೇಳು. ಮತ್ತೆ ಮತ್ತೆ ಹುಡುಕಬೇಕಾದದ್ದಕ್ಕೆ ಕೀ ಕಟ್ಟಿಕೋ. ಒಂದೇ ಶೀರ್ಷಿಕೆ ಮೇಲಿನ ಪರಿವಿಡಿಯಲ್ಲೂ ಕೆಳಗೆ ಪುಟದೊಳಗೂ ಬರಬೇಕಾದರೆ ಮೋಡ್ ಇದೆ. ಒಂದು ಮೋಡ್‌ಗೆ ಒಂದು ನಿಯಮ, ಇನ್ನೊಂದಕ್ಕೆ ಇನ್ನೊಂದು. ಡೇಟಾ ಒಂದೇ, ಎರಡು ಕಡೆ ಎರಡು ವೇಷ.

ಈಗ ಕನ್ನಡದ ಮಾತು. ಇದನ್ನು ಇಂಗ್ಲಿಷ್ ಪುಸ್ತಕಗಳು ನಿನಗೆ ಹೇಳಿಕೊಡುವುದಿಲ್ಲ, ಅದಕ್ಕೇ ಒತ್ತಿ ಹೇಳುತ್ತೇನೆ. ಊರುಗಳ ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸು ಅಂದರೆ ಸಾರ್ಟ್ ಅಂತ ಒಂದು ಸಾಲು ಬರೆದು ಕೈತೊಳೆದುಕೊಳ್ಳಬೇಡ. ಯುನಿಕೋಡ್ ಪಟ್ಟಿಯಲ್ಲಿ ‘ಳ’ ಕೂತಿರುವುದು ‘ಲ’ ಮತ್ತು ‘ವ’ಗಳ ನಡುವೆ. ನಮ್ಮ ವರ್ಣಮಾಲೆಯಲ್ಲಿ ಅದರ ಜಾಗ ‘ಹ’ ಆದ ಮೇಲೆ. ಬರೀ ಸಂಕೇತದ ಕ್ರಮದಲ್ಲಿ ಜೋಡಿಸಿದರೆ ಬಳ್ಳಾರಿ ಮೊದಲು ಬಂದು ಬಸವಕಲ್ಯಾಣ ಆಮೇಲೆ ಬರುತ್ತದೆ. ಒಂದನೇ ಕ್ಲಾಸಿನ ಮಗುವೂ ‘ಅಜ್ಜಾ, ಇದು ತಪ್ಪು’ ಅನ್ನುತ್ತದೆ. ಸಾರ್ಟ್‌ಗೆ ಭಾಷೆ ಕನ್ನಡ ಅಂತ ಹೇಳು. ಹೇಳಿದ್ದನ್ನು ಪ್ರೊಸೆಸರ್ ಕೇಳಿದೆಯೇ ಅಂತ ಇದೇ ಎರಡು ಊರು ಕೊಟ್ಟು ಪರೀಕ್ಷಿಸು. 2.0ರಿಂದ ಈಚೆಗೆ ಕೊಲೇಶನ್ ಹೆಸರಿಸುವ ದಾರಿಯೂ ಇದೆ.

ಇನ್ನೊಂದು ಕಾಟ ಕಣ್ಣಿಗೇ ಕಾಣದ್ದು. ಕನ್ನಡ ಟೈಪ್ ಮಾಡುವವರು ‘ರಾವ್’ ಅಂತ ಬರೆದ ಮೇಲೆ ಕೆಲವೊಮ್ಮೆ ಅಗಲವೇ ಇಲ್ಲದ ನಾನ್-ಜಾಯಿನರ್ ಅಕ್ಷರವೊಂದು ಕೊನೆಗೆ ಅಂಟಿಕೊಂಡಿರುತ್ತದೆ. ಪರದೆಯ ಮೇಲೆ ಎರಡೂ ರಾವ್ ಒಂದೇ. ಲೇಖಕರ ಪ್ರಕಾರ ಗುಂಪು ಮಾಡಿದಾಗ ಅದೇ ಲೇಖಕರು ಎರಡು ಕಡೆ ಕಾಣಿಸಿಕೊಳ್ಳುತ್ತಾರೆ, ನೀನು ನಿನ್ನ ಗ್ರೂಪಿಂಗ್ ಕೋಡನ್ನು ಬೈಯುತ್ತ ಕೂರುತ್ತೀಯ. ಖಾಲಿ ಜಾಗ ತೆಗೆಯುವ ನಾರ್ಮಲೈಸ್-ಸ್ಪೇಸ್ ಇದನ್ನು ತೆಗೆಯುವುದಿಲ್ಲ. ಹೋಲಿಸುವ ಮುಂಚೆ ಟ್ರಾನ್ಸ್‌ಲೇಟ್ ಫಂಕ್ಷನ್ನಿನಿಂದ ಆ ಅಕ್ಷರವನ್ನು ಕಿತ್ತುಹಾಕು. ಹೋಲಿಕೆಗೆ ಮಾತ್ರ ಕೀಳು, ತೋರಿಸುವಾಗ ಹಾಗೇ ಬಿಡು. ‘ರಾಜ್‌ಕುಮಾರ್’ ಬರೆಯಲು ನಡುವೆ ಅದು ಬೇಕು. ಹಾಗೆಯೇ ಹಳೇ ನುಡಿ, ಬರಹ ಫಾಂಟಿನ ಆಸ್ಕಿ ಪಠ್ಯ ಬಂದರೆ ಮೊದಲು ಯುನಿಕೋಡ್‌ಗೆ ತಿರುಗಿಸಿಕೋ. ಮೇಲೆ ಯುಟಿಎಫ್-8 ಅಂತ ಘೋಷಿಸಿಬಿಟ್ಟರೆ ಒಳಗಿರುವುದು ಕನ್ನಡವಾಗಿಬಿಡುವುದಿಲ್ಲ.

ಒಳ್ಳೆಯದೂ ಇದೆ, ಕೇಳು. ನಂಬರ್ ಅನ್ನುವ ಆಜ್ಞೆಯ ಫಾರ್ಮ್ಯಾಟ್‌ನಲ್ಲಿ ‘೧’ ಅಂತ ಕೊಟ್ಟರೆ ಅಧ್ಯಾಯಗಳ ಸಂಖ್ಯೆ ೧, ೨, ೩ ಅಂತ ಕನ್ನಡ ಅಂಕಿಯಲ್ಲೇ ಬರಬೇಕು ಅಂತ 1.0ರ ನಿಯಮದಲ್ಲೇ ಇದೆ. ಮೊತ್ತಕ್ಕೆ ನಮ್ಮ ಲಕ್ಷ, ಕೋಟಿಯ ಅಲ್ಪವಿರಾಮ ಬೇಕು, 12,34,567 ಅಂತ ಬರಬೇಕು ಅಂದರೆ 2.0ರ ಫಾರ್ಮ್ಯಾಟ್-ನಂಬರ್ ಮಾಡಿಕೊಡುತ್ತದೆ. ಕೇಳಿ ಪಡೆದುಕೊಳ್ಳುವ ಬುದ್ಧಿ ನಿನಗಿರಬೇಕು, ಅಷ್ಟೇ.

ಪುಟ ಹೊರಗೆ ಬರುವ ಬಾಗಿಲಲ್ಲೂ ಎಚ್ಚರ ಬೇಕು. ಔಟ್‌ಪುಟ್ ವಿಧಾನ ಎಚ್‌ಟಿಎಮ್‌ಎಲ್ ಅಂತ ಹೇಳುವ ಬದಲು ಎಕ್ಸ್‌ಎಮ್‌ಎಲ್ ಅಂತ ಹೇಳಿಬಿಟ್ಟರೆ, ಒಳಗೆ ಏನೂ ಇಲ್ಲದ ಸ್ಕ್ರಿಪ್ಟ್ ಟ್ಯಾಗು ತನ್ನನ್ನು ತಾನೇ ಮುಚ್ಚಿಕೊಂಡ ರೂಪದಲ್ಲಿ ಹೊರಬರಬಹುದು. ಬ್ರೌಸರು ಅದನ್ನು ಮುಚ್ಚಿದ್ದು ಅಂತ ಒಪ್ಪದೆ ಮುಂದಿನ ಪುಟವನ್ನೆಲ್ಲ ಸ್ಕ್ರಿಪ್ಟ್ ಅಂತ ನುಂಗಿಬಿಡುತ್ತದೆ. ಎದುರಿಗೆ ಬಿಳೀ ಹಾಳೆ. ಇನ್ನು ಎಸ್ಕೇಪಿಂಗ್ ನಿಲ್ಲಿಸುವ ಸೌಲಭ್ಯವೊಂದಿದೆ, ಟ್ಯಾಗನ್ನು ಅಕ್ಷರವಾಗಿ ತುರುಕಿಬಿಡೋಣ ಅಂತ ನಿನ್ನಂಥ ಅವಸರದವರು ಅದಕ್ಕೆ ಕೈಹಾಕುತ್ತಾರೆ. ಹಾಕಬೇಡ. ಅದನ್ನು ಪಾಲಿಸಲೇಬೇಕು ಅಂತ ಪ್ರೊಸೆಸರುಗಳಿಗೆ ಕಟ್ಟಳೆಯಿಲ್ಲ, ಫೈರ್‌ಫಾಕ್ಸ್ ಪಾಲಿಸುವುದೂ ಇಲ್ಲ. ಅದು ಬೇಕೆನಿಸಿತು ಅಂದರೆ ನೀನು ಹಿಡಿದ ದಾರಿ ಎಲ್ಲೋ ತಪ್ಪಿದೆ ಅಂತ ತಿಳಿದು ಹಿಂದೆ ತಿರುಗಿ ನೋಡು.

ಬ್ರೌಸರನ್ನೇ ನೆಚ್ಚಿಕೊಂಡು ಕೂರಬೇಡ. ಎಕ್ಸ್‌ಎಮ್‌ಎಲ್ ಫೈಲಿನ ತಲೆಯಲ್ಲಿ ಸ್ಟೈಲ್‌ಶೀಟಿನ ಸಾಲು ಬರೆದು, ಮಿಕ್ಕದ್ದನ್ನು ಬ್ರೌಸರು ಮಾಡಿಕೊಳ್ಳಲಿ ಅನ್ನುವ ಕಾಲ ಒಂದಿತ್ತು. ಬ್ರೌಸರುಗಳು 1.0 ದಾಟಿ ಮುಂದೆ ಬರಲೇ ಇಲ್ಲ. 2025ರಲ್ಲಿ ಕ್ರೋಮ್ ತಂಡ ಆ ಬೆಂಬಲವನ್ನೇ ತೆಗೆಯುವುದಾಗಿ ಪ್ರಕಟಿಸಿತು. ಹಳೆಯ ಲೈಬ್ರರಿಗಳಲ್ಲಿನ ಭದ್ರತಾ ದೋಷಗಳು ಅದಕ್ಕೆ ದೊಡ್ಡ ಕಾರಣ. ಅದರಿಂದ ಎಕ್ಸ್‌ಎಸ್‌ಎಲ್‌ಟಿಗೆ ಏನೂ ಆಗುವುದಿಲ್ಲ. ಪುಟಗಳನ್ನು ನಿನ್ನ ಯಂತ್ರದಲ್ಲೋ ಸರ್ವರಿನಲ್ಲೋ ಮೊದಲೇ ತಯಾರಿಸಿ ಇಡು. 1.0 ಸಾಕಾದರೆ ಎಕ್ಸ್‌ಎಸ್‌ಎಲ್‌ಟಿಪ್ರಾಕ್ ಇದೆ. 3.0 ಬೇಕಾದರೆ ಮೈಕೆಲ್ ಕೇ ಕಟ್ಟಿದ ಸ್ಯಾಕ್ಸನ್ ಇದೆ, ಅದರ ಹೋಮ್ ಆವೃತ್ತಿಗೆ ದುಡ್ಡು ಕೊಡಬೇಕಾಗಿಲ್ಲ. ಗುರುತಿಲ್ಲದವರು ಕೊಟ್ಟ ಸ್ಟೈಲ್‌ಶೀಟನ್ನು ಮಾತ್ರ ಕಣ್ಣುಮುಚ್ಚಿ ಓಡಿಸಬೇಡ. ಅದು ನಿನ್ನ ಯಂತ್ರದ ಬೇರೆ ಫೈಲುಗಳನ್ನು ಓದಲೂಬಹುದು.

ಹಿಂದಿನವರು ಮಾಡಿಟ್ಟದ್ದನ್ನು ತಳ್ಳಿಹಾಕಿ ಎಲ್ಲವನ್ನೂ ಮೊದಲಿನಿಂದ ಬರೆಯುವ ಹಟವೂ ನಿನಗಿದೆ. ಗ್ರೂಪಿಂಗ್‌ಗೆ 1.0ರಲ್ಲಿ ನೇರ ದಾರಿ ಇಲ್ಲದಿದ್ದಾಗ ಸ್ಟೀವ್ ಮ್ಯೂಯೆಂಚ್ ಕೀಗಳನ್ನು ಬಳಸಿ ಒಂದು ಉಪಾಯ ತೋರಿಸಿದರು, ಲೋಕವೆಲ್ಲ ಅದನ್ನು ಅವರ ಹೆಸರಿನಿಂದಲೇ ಕರೆದು ಬಳಸಿತು. 2.0ರಲ್ಲಿ ಅದಕ್ಕೆಂದೇ ಫಾರ್-ಈಚ್-ಗ್ರೂಪ್ ಬಂತು. ಡಾಕ್‌ಬುಕ್ ಅನ್ನುವ ಎಕ್ಸ್‌ಎಮ್‌ಎಲ್ ರೂಪದ ದಾಖಲೆಗಳಿಗೆ ನಾರ್ಮನ್ ವಾಲ್ಶ್ ಶುರುಮಾಡಿದ ಸ್ಟೈಲ್‌ಶೀಟುಗಳಿವೆ. ಅಂಥವನ್ನು ತೆರೆದು ನಡುವೆ ಕತ್ತರಿ ಆಡಿಸಬೇಡ. ನಾಳೆ ಹೊಸ ಆವೃತ್ತಿ ಬಂದಾಗ ನಿನ್ನ ತಿದ್ದುಪಡಿ ಕೊಚ್ಚಿಹೋಗುತ್ತದೆ. ಬೇರೆ ಫೈಲು ಮಾಡಿಕೊಂಡು ಮೂಲವನ್ನು ಇಂಪೋರ್ಟ್ ಮಾಡು, ಬದಲಾಗಬೇಕಾದ ನಾಲ್ಕು ನಿಯಮಗಳನ್ನಷ್ಟೇ ನಿನ್ನ ಫೈಲಿನಲ್ಲಿ ಬರೆ. ಇಂಪೋರ್ಟ್ ಮಾಡಿದ್ದಕ್ಕಿಂತ ಮಾಡಿಕೊಂಡವರ ಮಾತಿಗೇ ತೂಕ ಜಾಸ್ತಿ ಅನ್ನುವುದು ಅಲ್ಲಿನ ಕಾನೂನು. ಹಿರಿಯರ ಕೆಲಸ ಹಾಗೇ ಉಳಿಯುತ್ತದೆ, ನಿನ್ನ ಮಾತೂ ನಡೆಯುತ್ತದೆ.

ಇಷ್ಟೆಲ್ಲ ಹೇಳಿದ್ದರ ಸಾರ ಒಂದೇ. ಡೇಟಾ ಬಹಳ ಕಾಲ ಬಾಳುವಂಥದ್ದು, ಪುಟದ ಚೆಂದ ನಾಲ್ಕು ವರ್ಷಕ್ಕೊಮ್ಮೆ ಬದಲಾಗುವಂಥದ್ದು. ಮೊದಲನೆಯದಕ್ಕೆ ಗೌರವ ಕೊಟ್ಟು ಓದಿದವರಿಗೆ ಎರಡನೆಯದು ತಾನಾಗಿ ಒಲಿಯುತ್ತದೆ. ಮೂರು ದಿನ ತಡವಾದರೂ ಪರವಾಗಿಲ್ಲ, ನಿನ್ನ ನಿಯಮ ಮುಂದಿನವರು ಓದಿದರೆ ಅರ್ಥವಾಗುವಂತಿರಲಿ.

ಇವತ್ತೇ ಶುರುಮಾಡು. ನಿನ್ನದೇ ಒಂದು ಡಾಕ್ಸ್ ಫೈಲು ಬಿಚ್ಚು. ಒಳಗಿನ ಡಾಕ್ಯುಮೆಂಟ್ ಫೈಲನ್ನು ಕಾಫಿ ಕುಡಿಯುತ್ತ ನಿಧಾನವಾಗಿ ಓದು. ನೇಮ್‌ಸ್ಪೇಸ್ ಎಲ್ಲಿದೆ ಗುರುತು ಮಾಡಿಕೋ. ಆಮೇಲೆ ಮೂರೇ ನಿಯಮ ಬರೆ: ಪ್ಯಾರಾಗೊಂದು, ದಪ್ಪ ಅಕ್ಷರಕ್ಕೊಂದು, ಕೋಷ್ಟಕಕ್ಕೊಂದು. ಬಂದ ಪುಟವನ್ನು ತಂದು ನನಗೆ ತೋರಿಸು. ತಪ್ಪಿದ್ದರೆ ಬೈಯುತ್ತೇನೆ. ಸರಿಯಿದ್ದರೆ ಇದಕ್ಕಿಂತ ಕಷ್ಟದ ಫೈಲು ಕೊಡುತ್ತೇನೆ.